ಮಕ್ಕಳ ಚೆಸ್ ತರಬೇತುದಾರರಿಗೆ ಪ್ರಮಾಣಪತ್ರ: ಮಾನದಂಡ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚೆಸ್ ತರಗತಿ ತೆರೆಯಲು ನಮ್ಮಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಕೋಣೆ, ಐದಾರು ಬೋರ್ಡು, ಒಂದು ವಾಟ್ಸ್‌ಆ್ಯಪ್ ಗುಂಪು ಇದ್ದರೆ ಬರುವ ಶನಿವಾರದಿಂದಲೇ ಪಾಠ ಶುರು. ಕಲಿಸುವವರಿಗೆ ಆಟ ಗೊತ್ತೇ, ಮಕ್ಕಳನ್ನು ಅವರ ಕೈಗೆ ಒಪ್ಪಿಸಬಹುದೇ ಎಂದು ನೋಡುವ ಹೊಣೆ ಪೋಷಕರ ಮೇಲೇ ಬೀಳುತ್ತದೆ. ಅವರಲ್ಲಿ ಬಹುಪಾಲು ಜನರಿಗೆ ಚೆಸ್ ಬರುವುದಿಲ್ಲ. ಜಿಲ್ಲಾ ಚೆಸ್ ಸಂಸ್ಥೆ, ಅಕಾಡೆಮಿ ಅಥವಾ ಶಾಲಾ ಆಡಳಿತ ಮಂಡಳಿ ಈ ಕೊರತೆ ತುಂಬಲು ಕೂತಾಗ ಏಳುವ ಪ್ರಶ್ನೆಗಳು ಇಲ್ಲಿವೆ. ಅಂಕ, ನಿಮಿಷ, ಗಡುವುಗಳೆಲ್ಲ ನಮ್ಮ ಶಿಫಾರಸು, ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮ ಅಥವಾ ಕಾನೂನು ಎಂದು ಹೇಳಿರುವುದನ್ನು ಮಾತ್ರ ಬದಲಿಸುವಂತಿಲ್ಲ.

ಫಿಡೆಯೇ ತರಬೇತುದಾರರಿಗೆ ಬಿರುದು ಕೊಡುತ್ತದಲ್ಲ, ನಾವೇಕೆ ಇನ್ನೊಂದು ಮಾಡಬೇಕು?

ಫಿಡೆಯ ತರಬೇತುದಾರರ ಆಯೋಗ ಐದು ಬಿರುದುಗಳನ್ನು ಕೊಡುತ್ತದೆ. ಮೇಲಿನಿಂದ ಕೆಳಕ್ಕೆ: ಫಿಡೆ ಸೀನಿಯರ್ ಟ್ರೇನರ್, ಫಿಡೆ ಟ್ರೇನರ್, ಫಿಡೆ ಇನ್‌ಸ್ಟ್ರಕ್ಟರ್, ನ್ಯಾಷನಲ್ ಇನ್‌ಸ್ಟ್ರಕ್ಟರ್, ಡೆವಲಪ್‌ಮೆಂಟಲ್ ಇನ್‌ಸ್ಟ್ರಕ್ಟರ್. ಇವುಗಳಲ್ಲಿ ಯಾವುದಾದರೂ ಇದ್ದವರನ್ನು ಮತ್ತೆ ಚೆಸ್ ಜ್ಞಾನದ ಪರೀಕ್ಷೆಗೆ ಕೂರಿಸಬೇಡಿ. ಅದು ಅವರಿಗೂ ಅವಮಾನ, ನಿಮಗೂ ಖರ್ಚು. ಬಿರುದು ನಿಜವೇ, ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಫಿಡೆ ವೆಬ್‌ಸೈಟಿನಲ್ಲಿ ಅವರ ಗುರುತಿನ ಸಂಖ್ಯೆ ಹಾಕಿ ನೋಡಿದರೆ ಸಾಕು.

ಆದರೆ ಫಿಡೆ ಬಿರುದು ಹೇಳದ ಎರಡು ಸಂಗತಿಗಳಿವೆ. ಈ ವ್ಯಕ್ತಿ ಏಳು ವರ್ಷದ ಹತ್ತು ಮಕ್ಕಳ ಮುಂದೆ ನಿಂತಾಗ ಏನು ಮಾಡುತ್ತಾರೆ ಎಂಬುದು ಒಂದು. ನಿಮ್ಮ ಊರಿನ ಪೊಲೀಸ್ ಠಾಣೆಯಲ್ಲಿ ಅವರ ಬಗ್ಗೆ ಏನು ದಾಖಲೆ ಇದೆ ಎಂಬುದು ಇನ್ನೊಂದು. ಸ್ಥಳೀಯ ಮಾನದಂಡ ಬೇಕಾಗುವುದು ಇವೆರಡಕ್ಕೇ. ಬಿರುದಿದ್ದವರಿಗೆ ಲಿಖಿತ ಪರೀಕ್ಷೆಯಿಂದ ವಿನಾಯಿತಿ ಕೊಡಿ, ಪಾಠ ವೀಕ್ಷಣೆ ಮತ್ತು ಹಿನ್ನೆಲೆ ಪರಿಶೀಲನೆಯಿಂದ ಯಾರಿಗೂ ಬೇಡ.

ಎಷ್ಟು ಹಂತಗಳಿರಬೇಕು?

ಎರಡು ಸಾಕು. ಮೊದಲ ಹಂತ ಆಟ ಕಲಿಸುವವರಿಗೆ: ಶಾಲೆಯ ಹವ್ಯಾಸ ತರಗತಿ, ಬೇಸಿಗೆ ಶಿಬಿರ, ಕಾಯಿ ನಡೆಸುವುದರಿಂದ ಹಿಡಿದು ಮೊದಲ ಪಂದ್ಯಾವಳಿಯವರೆಗೆ. ಎರಡನೆಯದು ಸ್ಪರ್ಧೆಗೆ ಸಿದ್ಧಪಡಿಸುವವರಿಗೆ: ಜಿಲ್ಲೆ, ರಾಜ್ಯ ಮಟ್ಟದ ವಯೋಮಿತಿ ಪಂದ್ಯಗಳನ್ನು ಆಡುವ, ಸುಮಾರು 1700 ರೇಟಿಂಗ್‌ವರೆಗಿನ ಮಕ್ಕಳಿಗೆ (ರೇಟಿಂಗ್ ಎಂದರೆ ಪಂದ್ಯಗಳ ಫಲಿತಾಂಶದಿಂದ ಲೆಕ್ಕ ಹಾಕುವ, ಆಟದ ಬಲ ತೋರಿಸುವ ಅಂಕ).

ಅದಕ್ಕಿಂತ ಮೇಲಿನದನ್ನು ಪ್ರಮಾಣೀಕರಿಸಲು ಸ್ಥಳೀಯ ಸಂಸ್ಥೆ ಹೋಗದಿರುವುದೇ ಲೇಸು. 2200 ರೇಟಿಂಗಿನ ಹುಡುಗಿಗೆ ಕಲಿಸುವವರ ಯೋಗ್ಯತೆ ಅಳೆಯಲು ಆ ಮಟ್ಟದ ಪರೀಕ್ಷಕರು ಬೇಕು, ಜಿಲ್ಲೆಯಲ್ಲಿ ಅಂಥವರು ಸಿಗುವುದು ಅಪರೂಪ. ಆ ಕೆಲಸ ಫಿಡೆಯ ಮೇಲಿನ ಬಿರುದುಗಳಿಗೆ ಬಿಡಿ.

ತರಬೇತುದಾರರಿಗೆ ಕನಿಷ್ಠ ರೇಟಿಂಗ್ ಎಷ್ಟು ಕೇಳಬೇಕು?

ಸಭೆಯಲ್ಲಿ ಅತಿ ಹೆಚ್ಚು ಹೊತ್ತು ನುಂಗುವ ಪ್ರಶ್ನೆ ಇದು. ಅಷ್ಟು ಹೊತ್ತಿಗೆ ಅರ್ಹವಲ್ಲ.

ಮೊದಲ ಹಂತಕ್ಕೆ ರೇಟಿಂಗ್ ಕೇಳಲೇಬೇಡಿ, ಲಿಖಿತ ಪರೀಕ್ಷೆಯೇ ಸೋಸುತ್ತದೆ. ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಸಿಕ್ಕಿದ್ದು 2017ರಲ್ಲಿ. ಬಲವಾದ ಆಟಗಾರರು ಇಲ್ಲಿ ಕೆಲವೇ ಊರುಗಳಲ್ಲಿದ್ದಾರೆ. ಹವ್ಯಾಸ ತರಗತಿಗೂ 1800 ಕೇಳಿದರೆ ಸಣ್ಣ ಊರಿನ ದೈಹಿಕ ಶಿಕ್ಷಣ ಶಿಕ್ಷಕರು ಹೊರಗುಳಿಯುತ್ತಾರೆ. ಆ ಜಾಗಕ್ಕೆ 1800ರವರು ಬಸ್ ಹತ್ತಿ ಬರುವುದಿಲ್ಲ.

ಎರಡನೇ ಹಂತಕ್ಕೆ ಫಿಡೆ ಸ್ಟ್ಯಾಂಡರ್ಡ್ (ದೀರ್ಘ ಸಮಯದ ಆಟಗಳ) ರೇಟಿಂಗ್ 1700, ಅಥವಾ ಲಿಖಿತ ಪರೀಕ್ಷೆಯಲ್ಲಿ ಅದಕ್ಕೆ ಸಮನಾದ ಅಂಕ. 'ಈಗಿನ ರೇಟಿಂಗ್' ಎಂದು ಬರೆಯಬೇಡಿ, 'ಎಂದಾದರೂ ಮುಟ್ಟಿದ ರೇಟಿಂಗ್' ಎಂದು ಬರೆಯಿರಿ. ಪಾಠ ಹೇಳುವುದೇ ವೃತ್ತಿಯಾದವರು ಆಡುವುದು ಕಡಿಮೆ.

ಹಳೆಯ ನಿಯಮಾವಳಿಯನ್ನು ನಕಲು ಮಾಡುವಾಗ ಒಂದು ಕಡೆ ಎಡವುವುದುಂಟು. 2024ರ ಮಾರ್ಚ್ 1ರಿಂದ ಫಿಡೆ ರೇಟಿಂಗಿನ ತಳ 1000ದಿಂದ 1400ಕ್ಕೆ ಏರಿತು. 2000ಕ್ಕಿಂತ ಕೆಳಗಿದ್ದವರಿಗೆ, 2000ಕ್ಕೆ ಎಷ್ಟು ಕಡಿಮೆ ಇತ್ತೋ ಅದರ ಶೇ 40ರಷ್ಟನ್ನು ಒಮ್ಮೆಲೇ ಸೇರಿಸಲಾಯಿತು. ಹಾಗಾಗಿ ಹಳೆಯ 1200 ಈಗ 1520, ಹಳೆಯ 1600 ಈಗ 1760. 2022ರಲ್ಲಿ ಬರೆದ '1500' ಎಂಬ ಗೆರೆಯನ್ನು ಹಾಗೇ ಉಳಿಸಿಕೊಂಡರೆ, ಆಗ 1170 ಆಸುಪಾಸಿನಲ್ಲಿದ್ದವರೂ ಇಂದು ಆ ಗೆರೆ ದಾಟಿ ಒಳಗೆ ಬರುತ್ತಾರೆ.

ಲಿಖಿತ ಪರೀಕ್ಷೆಯಲ್ಲಿ ಏನಿರಬೇಕು?

ಮೂರು ಭಾಗ, ಒಟ್ಟು ಎರಡು ಗಂಟೆ. ಮೂರಕ್ಕೂ ಬೇರೆ ಬೇರೆ ತೇರ್ಗಡೆ ಗೆರೆ ಇರಲಿ. ಒಟ್ಟು ಅಂಕದ ಲೆಕ್ಕ ಹಿಡಿದರೆ, ಓಪನಿಂಗ್ (ಆಟದ ಆರಂಭದ ನಡೆಗಳು) ಗಿಳಿಪಾಠ ಮಾಡಿದವರು ನಿಯಮವೇ ಗೊತ್ತಿಲ್ಲದೆ ಪಾಸಾಗುತ್ತಾರೆ.

ಭಾಗ ಒಂದು, ನಿಯಮಗಳು. 20 ಪ್ರಶ್ನೆ, ತೇರ್ಗಡೆಗೆ 16. 2023ರ ಜನವರಿ 1ರಿಂದ ಜಾರಿಗೆ ಬಂದ ಫಿಡೆ ನಿಯಮಾವಳಿಯಿಂದ, ಮಕ್ಕಳ ಪಂದ್ಯಗಳಲ್ಲಿ ದಿನವೂ ನಡೆಯುವ ಸಂಗತಿಗಳನ್ನೇ ಕೇಳಿ. ಮಗು ಕಾಲಾಳನ್ನು ಎಂಟನೇ ಸಾಲಿಗೆ ತಳ್ಳಿ, ಬದಲಿ ಕಾಯಿ ಇಡದೆ ಗಡಿಯಾರ ಒತ್ತಿತು. ಮುಂದೇನು? (ಅದು ನಿಯಮಬಾಹಿರ ನಡೆ. ಕಾಲಾಳಿನ ಜಾಗಕ್ಕೆ ಮಂತ್ರಿಯೇ, ಅಂದರೆ ರಾಣಿಯೇ ಬರಬೇಕು, ಬೇರೆ ಕಾಯಿ ಆರಿಸುವಂತಿಲ್ಲ. ಸ್ಟ್ಯಾಂಡರ್ಡ್ ಪಂದ್ಯವಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿ. ಅದೇ ಮಗು ಇನ್ನೊಮ್ಮೆ ನಿಯಮಬಾಹಿರ ನಡೆ ಮಾಡಿದರೆ ಸೋಲು.) ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಲು ಹೊರಟ ಮಗು ಮೊದಲು ಆನೆಯನ್ನು ಮುಟ್ಟಿತು. ಆ ನಡೆಯಲ್ಲಿ ಆ ಬದಿಗೆ ಕ್ಯಾಸ್ಲಿಂಗ್ ಆಗುತ್ತದೆಯೇ? (ಇಲ್ಲ.) ಒಬ್ಬರ ಸಮಯ ಮುಗಿಯಿತು, ಎದುರಾಳಿಯ ಬಳಿ ರಾಜ ಮಾತ್ರ ಉಳಿದಿದೆ. ಫಲಿತಾಂಶ? (ಡ್ರಾ.)

ಮನೆಯಲ್ಲಿ ಅಜ್ಜನಿಂದ ಚದುರಂಗ ಕಲಿತ ಮಕ್ಕಳು ಬೇರೆ ಕಟ್ಟಳೆಗಳನ್ನು ಹೊತ್ತು ಬರುತ್ತಾರೆ: ಮೊದಲ ನಡೆಯಲ್ಲಿ ಎರಡು ಕಾಲಾಳುಗಳನ್ನು ಒಂದೊಂದು ಮನೆ ನಡೆಸುವುದು, ಕೊನೆಯ ಸಾಲು ಮುಟ್ಟಿದ ಕಾಲಾಳು ಆ ಮನೆಯ ಮೂಲ ಕಾಯಿಯೇ ಆಗಬೇಕೆನ್ನುವುದು. 'ಅದು ತಪ್ಪು' ಎಂದು ಹೇಳಿಬಿಡುವುದು ಸುಲಭ. ಆದರೆ ಅದು ನಮ್ಮ ಹಳೆಯ ಆಟದ ಕಟ್ಟಳೆ, ಪಂದ್ಯಾವಳಿಯ ಕಟ್ಟಳೆ ಬೇರೆ ಎಂದು ಮಗುವಿಗೆ ವಿವರಿಸಿ, ಅಜ್ಜನ ಮಾನವನ್ನೂ ಉಳಿಸುವವರು ಬೇಕು. ಇದರ ಮೇಲೂ ಒಂದು ಪ್ರಶ್ನೆ ಇರಲಿ.

ಭಾಗ ಎರಡು, ಚೆಸ್ ಜ್ಞಾನ. ತೇರ್ಗಡೆಗೆ ಶೇ 60. ಮೊದಲ ಹಂತಕ್ಕೆ ಒಂದು ಮತ್ತು ಎರಡು ನಡೆಯ ಮೇಟ್, ಫೋರ್ಕ್ (ಒಂದೇ ಕಾಯಿಯಿಂದ ಎರಡರ ಮೇಲೆ ದಾಳಿ), ಪಿನ್ (ಹಿಂದಿನ ಕಾಯಿಗಾಗಿ ಮುಂದಿನದು ಕದಲಲಾಗದ ಸ್ಥಿತಿ), ಆನೆಯೊಂದರಿಂದ ಮೇಟ್, ಮಂತ್ರಿ ಕೈಯಲ್ಲಿದ್ದೂ ಸ್ಟೇಲ್‌ಮೇಟ್ (ಚೆಕ್ ಇಲ್ಲದೆ, ಆಡಲು ನಡೆಯೂ ಇಲ್ಲದೆ ಡ್ರಾ) ಆಗುವ ಸ್ಥಿತಿಗಳು, ರಾಜ ಮತ್ತು ಒಂದೇ ಕಾಲಾಳಿನ ಅಂತ್ಯಾಟ. ಕೊನೆಯದಕ್ಕೆ ಒಳ್ಳೆಯ ಜೋಡಿ ಪ್ರಶ್ನೆಯೊಂದಿದೆ. ಬಿಳಿ ರಾಜ ಇ5, ಕಾಲಾಳು ಇ4, ಕಪ್ಪು ರಾಜ ಇ7: ಕಪ್ಪಿನ ಸರದಿಯಾದರೆ ಬಿಳಿ ಗೆಲ್ಲುತ್ತದೆ, ಬಿಳಿಯ ಸರದಿಯಾದರೆ ಡ್ರಾ. ಇಡೀ ಚಿತ್ರವನ್ನು ಒಂದು ಸಾಲು ಮೇಲಕ್ಕೆ ಸರಿಸಿ, ಅಂದರೆ ರಾಜ ಇ6, ಕಾಲಾಳು ಇ5, ಕಪ್ಪು ರಾಜ ಇ8: ಈಗ ಯಾರ ಸರದಿಯಾದರೂ ಬಿಳಿಯೇ ಗೆಲ್ಲುತ್ತದೆ. ಏಕೆ ಎಂದು ಮೂರು ವಾಕ್ಯದಲ್ಲಿ ಬರೆಯಲು ಹೇಳಿ. ಉತ್ತರ ಬಾಯಿಪಾಠ ಮಾಡಿದವರು ಇಲ್ಲಿ ನಿಲ್ಲುತ್ತಾರೆ. ಎರಡನೇ ಹಂತಕ್ಕೆ ಆನೆಗಳ ಅಂತ್ಯಾಟದ ಲುಸೆನಾ, ಫಿಲಿಡೋರ್ ಸ್ಥಿತಿಗಳು ಮತ್ತು ಎಚ್ ಕಾಲಾಳು ಜೊತೆಗೆ ಬಿಳಿ ಮನೆಗಳ ಒಂಟೆ ಇದ್ದೂ ಕಪ್ಪು ರಾಜ ಎಚ್8 ಸೇರಿದರೆ ಗೆಲ್ಲಲಾಗದ ಅಂತ್ಯಾಟ ಸೇರಿಸಿ.

ಭಾಗ ಮೂರು, ಮಗುವಿನ ಸ್ಕೋರ್‌ಶೀಟ್. ಒಂಬತ್ತು ವರ್ಷದ ಮಗು ಆಡಿದ 25 ನಡೆಗಳ ಆಟವೊಂದನ್ನು ಹೆಸರು ತೆಗೆದು ಕೊಡಿ. ಅಭ್ಯರ್ಥಿ ಮಗುವಿಗೆ ಹೇಳಬೇಕಾದ ಎರಡೇ ಮಾತುಗಳನ್ನು ಆರಿಸಬೇಕು. ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ತಂತ್ರಾಂಶ) ತೋರಿಸುವ ಹನ್ನೆರಡು ತಪ್ಪುಗಳನ್ನೂ ಪಟ್ಟಿ ಮಾಡಿದವರಿಗೆ ಕಡಿಮೆ ಅಂಕ. 'ಪ್ರತಿ ಸಲ ಎದುರಾಳಿಯ ನಡೆ ಏನನ್ನು ಹೆದರಿಸುತ್ತಿದೆ ಎಂದು ನೋಡದೆ ಆಡಿದ್ದಾನೆ. 7, 12, 19ನೇ ನಡೆಗಳು ಒಂದೇ ತಪ್ಪಿನ ಮೂರು ರೂಪ' ಎಂದು ಗುರುತಿಸಿದವರಿಗೆ ಪೂರ್ಣ ಅಂಕ.

ಪಾಠ ವೀಕ್ಷಣೆ ಅಗತ್ಯವೇ? ಪರೀಕ್ಷೆ ಸಾಲದೇ?

ಇಡೀ ವ್ಯವಸ್ಥೆಯಲ್ಲಿ ಒಂದನ್ನೇ ಉಳಿಸಿಕೊಳ್ಳಲು ಹಣವಿದ್ದರೆ ಇದನ್ನು ಉಳಿಸಿಕೊಳ್ಳಿ. 2100 ರೇಟಿಂಗಿನವರು ಮಕ್ಕಳ ಮುಂದೆ ತಮ್ಮ ನೆಚ್ಚಿನ ಆಟವನ್ನು 40 ನಿಮಿಷ ಬೋರ್ಡಿನ ಮೇಲೆ ತೋರಿಸುತ್ತಾ ಹೋಗುವುದುಂಟು. ಮುಂದಿನ ಸಾಲಿನ ಇಬ್ಬರು ಉತ್ತರ ಕೂಗುತ್ತಾರೆ, ಉಳಿದ ಎಂಟು ಮಕ್ಕಳು ಕುದುರೆಗಳನ್ನು ಒಂದರ ಮೇಲೊಂದು ಪೇರಿಸುತ್ತಿರುತ್ತಾರೆ. ಯಾವ ಲಿಖಿತ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ.

ಎರಡು ತರಗತಿ ನೋಡಿ, ತಲಾ 40 ನಿಮಿಷ, 8ರಿಂದ 12 ಮಕ್ಕಳು. ಮೊದಲನೆಯದು ಅಭ್ಯರ್ಥಿಯ ಸ್ವಂತ ತರಗತಿ, ವಿಷಯ ಅವರ ಇಷ್ಟ. ಎರಡನೆಯದರಲ್ಲಿ ಅವರಿಗೆ ಗುರುತಿಲ್ಲದ ಮಕ್ಕಳು, ಹಿಂದಿನ ಸಂಜೆ ಕೊಟ್ಟ ವಿಷಯ. ಮೊದಲನೆಯದನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ. ಹೋದ ವಾರವೇ ಹೇಳಿಕೊಟ್ಟ ಪ್ರಶ್ನೆಗಳಿಗೆ ಮಕ್ಕಳು ಪಟಪಟ ಉತ್ತರಿಸುವಾಗ ತರಗತಿ ಬಲು ಚೆಂದ ಕಾಣುತ್ತದೆ.

ಇಬ್ಬರು ವೀಕ್ಷಕರು ಬೇರೆ ಬೇರೆ ಕೂತು, ಮಾತಾಡಿಕೊಳ್ಳದೆ ಹಾಳೆ ತುಂಬಬೇಕು. ಏಳು ಅಂಶ, ಪ್ರತಿಯೊಂದಕ್ಕೂ 0ಯಿಂದ 3. ತೇರ್ಗಡೆಗೆ 21ಕ್ಕೆ 14.

ಮೊದಲ ಅಂಶ, ತರಬೇತುದಾರರು ಒಟ್ಟು ಎಷ್ಟು ನಿಮಿಷ ಮಾತಾಡಿದರು. ಗಡಿಯಾರ ಹಿಡಿದು ಅಳೆಯಿರಿ, ಅಂದಾಜು ಬೇಡ. ಎಂಟು ವರ್ಷದೊಳಗಿನವರ ತರಗತಿಯಲ್ಲಿ ಒಂದೇ ಬಾರಿಗೆ ಎಂಟು ನಿಮಿಷ ದಾಟಿದರೆ ಅಂಕ ಕಡಿತ. ಎರಡನೆಯದು, ಪ್ರತಿ ಮಗು ಸ್ವಂತ ಕೈಯಿಂದ ಬೋರ್ಡಿನ ಮೇಲೆ ಎಷ್ಟು ಸ್ಥಿತಿಗಳನ್ನು ಬಿಡಿಸಿತು. ಇದಕ್ಕೆ ವೀಕ್ಷಕರು ಹಿಂದಿನ ಸಾಲಿನ ಇಬ್ಬರು ಮಕ್ಕಳನ್ನು ಆರಿಸಿಕೊಂಡು ಅವರನ್ನಷ್ಟೇ ಎಣಿಸಬೇಕು. ಮೂರನೆಯದು, ಪ್ರಶ್ನೆ ಕೇಳಿದ ಮೇಲೆ ಕಾಯ್ದ ಹೊತ್ತು. ಸುಲಭದ್ದಕ್ಕೂ ಮನಸ್ಸಿನಲ್ಲಿ ಐದು ಎಣಿಸುವಷ್ಟಾದರೂ ಬೇಕು. ಒಂದೂವರೆ ಸೆಕೆಂಡಿಗೆ ಉತ್ತರ ಬಂದರೆ ಯೋಚಿಸಿದ್ದು ಒಂದೇ ಮಗು. ನಾಲ್ಕನೆಯದು, ತಪ್ಪು ಉತ್ತರಕ್ಕೆ ಏನು ಮಾಡಿದರು. 'ತಪ್ಪು, ಬೇರೆ ಯಾರು ಹೇಳ್ತೀರಿ?' ಎಂದರೆ ಸೊನ್ನೆ. 'ಸರಿ, ಆ ನಡೆ ಆಡೋಣ, ಎದುರಾಳಿ ಏನಾಡ್ತಾನೆ ತೋರಿಸು' ಎಂದು ಮಗುವನ್ನೇ ಕರೆದುಕೊಂಡು ಹೋದರೆ ಮೂರು. ಐದನೆಯದು, ಬೇಗ ಮುಗಿಸುವ ಮಗುವಿಗೆ ಮತ್ತು ಹಿಂದೆ ಬೀಳುವ ಮಗುವಿಗೆ ಬೇರೆ ಕೆಲಸ ಸಿದ್ಧವಿತ್ತೇ. ಆರನೆಯದು, ಚೆಸ್ ವಿಷಯದಲ್ಲಿ ತಪ್ಪು ಹೇಳಿದರೇ. ಏಳನೆಯದು, ಮಕ್ಕಳೊಂದಿಗೆ ನಡೆದುಕೊಂಡ ರೀತಿ. ಕೊನೆಯ ಎರಡರಲ್ಲಿ ಯಾವುದಕ್ಕಾದರೂ ಸೊನ್ನೆ ಬಿದ್ದರೆ ಒಟ್ಟು ಎಷ್ಟಿದ್ದರೂ ಅನುತ್ತೀರ್ಣ.

ಇಬ್ಬರ ಒಟ್ಟು ಅಂಕದಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂತರ ಬಂದರೆ ಸರಾಸರಿ ಹಾಕಿ ಮುಗಿಸಬೇಡಿ, ಮೂರನೆಯವರು ಇನ್ನೊಂದು ತರಗತಿ ನೋಡಲಿ. ಅಂತರ ಬರುವುದಕ್ಕೆ ಸಾಮಾನ್ಯ ಕಾರಣ ವೀಕ್ಷಕರಿಗೇ ತರಬೇತಿ ಇಲ್ಲದಿರುವುದು. ವರ್ಷಕ್ಕೊಮ್ಮೆ ಎಲ್ಲ ವೀಕ್ಷಕರೂ ವಿಡಿಯೋ ಮಾಡಿಟ್ಟ ಒಂದೇ ತರಗತಿಯನ್ನು ನೋಡಿ ಪ್ರತ್ಯೇಕವಾಗಿ ಅಂಕ ಹಾಕಿ, ಆಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಚರ್ಚಿಸಬೇಕು. ಆ ವಿಡಿಯೋಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು.

ವೀಕ್ಷಕರು ಅಭ್ಯರ್ಥಿಯ ಅಕಾಡೆಮಿಯವರೂ ಆಗಬಾರದು, ಅದೇ ಬಡಾವಣೆಯ ಪೈಪೋಟಿ ಅಕಾಡೆಮಿಯವರೂ ಆಗಬಾರದು. ಸಣ್ಣ ಜಿಲ್ಲೆಯಲ್ಲಿ ಇದು ಕಷ್ಟ. ಪಕ್ಕದ ಜಿಲ್ಲೆಯ ಜೊತೆ ವೀಕ್ಷಕರನ್ನು ಅದಲುಬದಲು ಮಾಡಿಕೊಳ್ಳುವುದೇ ದಾರಿ. ಇಬ್ಬರಲ್ಲಿ ಒಬ್ಬರು ಪ್ರಾಥಮಿಕ ಶಾಲಾ ಶಿಕ್ಷಕರಾದರೆ ಇನ್ನೂ ಒಳ್ಳೆಯದು. ಚೆಸ್ ಬಲ್ಲವರ ಕಣ್ಣು ಬೋರ್ಡಿನ ಮೇಲಿರುತ್ತದೆ, ಶಿಕ್ಷಕರ ಕಣ್ಣು ಮಕ್ಕಳ ಮೇಲಿರುತ್ತದೆ.

ಒಂದು ಗಂಟೆಯ ಮಾದರಿ ಪಾಠ ಹೇಗಿರಬೇಕು?

ಕಡ್ಡಾಯ ಮಾಡಬೇಡಿ, ಆದರೆ ಅಭ್ಯರ್ಥಿಗಳಿಗೆ ಒಂದು ಅಳತೆ ಕೊಡಿ. ಏಳರಿಂದ ಒಂಬತ್ತು ವರ್ಷದ ಹತ್ತು ಮಕ್ಕಳಿಗೆ: ಹಿಂದಿನ ಪಾಠದ ಮೂರು ಸ್ಥಿತಿಗಳು ಬೋರ್ಡಿನ ಮೇಲೆ, 10 ನಿಮಿಷ. ಹೊಸ ವಿಷಯ ಒಂದೇ ಒಂದು, 8 ನಿಮಿಷ. ಅದೇ ವಿಷಯದ ಸ್ಥಿತಿಯನ್ನು ಜೋಡಿಯಾಗಿ ಆಡಿ, ಬಣ್ಣ ಬದಲಿಸಿ ಮತ್ತೆ ಆಡುವುದು, 15 ನಿಮಿಷ. ಆಟ, 20 ನಿಮಿಷ. ಆಟ ನಿಲ್ಲಿಸಿ ಒಂದು ಬೋರ್ಡಿನ ಸುತ್ತ ಎಲ್ಲರೂ ಸೇರಿ ಮಾತು, 5 ನಿಮಿಷ. ಕೊನೆಯ ಎರಡು ನಿಮಿಷ ಪ್ರತಿ ಪೆಟ್ಟಿಗೆಗೆ 32 ಕಾಯಿ ಎಣಿಸಿ ಹಾಕುವುದು. ಇದನ್ನು ಬಿಟ್ಟ ತರಗತಿಗಳಲ್ಲಿ ಮೂರನೇ ತಿಂಗಳಿಗೆ ಕಾಲಾಳಿನ ಜಾಗದಲ್ಲಿ ಪೆನ್ನಿನ ಮುಚ್ಚಳ ಬಂದಿರುತ್ತದೆ.

ಮಕ್ಕಳ ಸುರಕ್ಷತೆಯ ಬಗ್ಗೆ ಏನು ಕಡ್ಡಾಯ?

ಇಲ್ಲಿ ನಿಮ್ಮ ಇಷ್ಟಾನಿಷ್ಟದ ಪ್ರಶ್ನೆ ಬರುವುದಿಲ್ಲ, ಕಾನೂನೇ ಇದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಆ ಕಾಯ್ದೆಯಡಿಯ 2020ರ ನಿಯಮಗಳು, ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಹಿನ್ನೆಲೆ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು ಎನ್ನುತ್ತವೆ. ಆ ಸಂಸ್ಥೆಗಳ ಸಾಲಿನಲ್ಲಿ ಕ್ರೀಡಾ ಅಕಾಡೆಮಿಗಳನ್ನು ಹೆಸರಿಸಿಯೇ ಹೇಳಿದೆ. ಕಾಯಂ, ಗುತ್ತಿಗೆ ಎಂಬ ಭೇದವಿಲ್ಲ. 'ವಾರಕ್ಕೊಂದು ಗಂಟೆ ಬರುವ ಅತಿಥಿ ತರಬೇತುದಾರರು' ಎಂಬ ನೆಪ ನಡೆಯದು. ಕರ್ನಾಟಕದಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಅಭ್ಯರ್ಥಿ ಬೇರೆ ಊರಿನಿಂದ ಬಂದವರಾದರೆ ಹಿಂದಿನ ವಿಳಾಸದ್ದೂ ಬೇಕು. ಜೊತೆಗೆ ಹಿಂದೆ ಕಲಿಸಿದ ಎರಡು ಕಡೆಗೆ ನೀವೇ ಫೋನ್ ಮಾಡಿ, 'ಇವರನ್ನು ಮತ್ತೆ ಕೆಲಸಕ್ಕೆ ಕರೆಯುತ್ತೀರಾ?' ಎಂದು ಕೇಳಿ. ಉತ್ತರಕ್ಕಿಂತ, ಉತ್ತರಕ್ಕೆ ಮುಂಚಿನ ಮೌನವನ್ನು ಗಮನಿಸಿ.

ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದವರು, ನಡೆಯಬಹುದೆಂಬ ಆತಂಕವಿರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ ಆಗಬಹುದು. ತನ್ನ ಕೈಕೆಳಗಿನವರ ವಿಷಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. 'ಮೊದಲು ಆಂತರಿಕ ವಿಚಾರಣೆ, ಆಮೇಲೆ ನೋಡೋಣ' ಎಂದು ನಿಯಮಾವಳಿಯಲ್ಲಿ ಬರೆದರೆ ನೀವೇ ಕಾನೂನು ಮುರಿಯಲು ದಾರಿ ಮಾಡಿಕೊಟ್ಟಂತೆ. ಮಕ್ಕಳ ಸಹಾಯವಾಣಿ 1098 ಪ್ರತಿ ತರಗತಿಯ ಗೋಡೆಯ ಮೇಲಿರಲಿ, ಮಗುವಿನ ಕಣ್ಣಿನ ಎತ್ತರದಲ್ಲಿ.

ನಡವಳಿಕೆ ಸಂಹಿತೆ ಒಂದು ಪುಟ ಮೀರದಿರಲಿ, ಅಭ್ಯರ್ಥಿ ಸಹಿ ಹಾಕಲಿ. ಅದರಲ್ಲಿ ಇರಲೇಬೇಕಾದವು: ಮುಚ್ಚಿದ ಬಾಗಿಲ ಹಿಂದೆ ಒಂಟಿ ಮಗುವಿಗೆ ಪಾಠವಿಲ್ಲ. ವೈಯಕ್ತಿಕ ಪಾಠ ಮನೆಯಲ್ಲಾದರೆ ದೊಡ್ಡವರೊಬ್ಬರು ಮನೆಯಲ್ಲಿರಬೇಕು, ಬಾಗಿಲು ತೆರೆದಿರಬೇಕು. ಮಗುವಿಗೆ ನೇರ ಸಂದೇಶ ಇಲ್ಲ, ಪೋಷಕರಿರುವ ಗುಂಪಿನಲ್ಲೇ ಎಲ್ಲವೂ. ಪರವೂರಿನ ಪಂದ್ಯಾವಳಿಗೆ ಹೋದಾಗ ತರಬೇತುದಾರರು ಮತ್ತು ಮಗು ಒಂದೇ ಕೋಣೆಯಲ್ಲಿ ತಂಗುವಂತಿಲ್ಲ. ಕಿವಿ ಹಿಂಡುವುದು, ತಲೆಗೆ ಮೊಟಕುವುದು 'ಪ್ರೀತಿಯಿಂದ' ಎಂದರೂ ಇಲ್ಲ. ಸೋತ ಮಗುವನ್ನು ಎಲ್ಲರೆದುರು ಹಂಗಿಸುವುದೂ ಇದೇ ಸಾಲಿಗೆ ಸೇರುತ್ತದೆ.

ಸಂದರ್ಶನದಲ್ಲಿ ಈ ಪ್ರಶ್ನೆ ತಪ್ಪದೆ ಕೇಳಿ: 'ಸರ್, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬೇಡಿ' ಎಂದು ಮಗು ಬಂದರೆ ಏನೆನ್ನುತ್ತೀರಿ? 'ಪ್ರಾಮಿಸ್, ಯಾರಿಗೂ ಹೇಳಲ್ಲ' ಎಂಬುದು ತಪ್ಪು ಉತ್ತರ. 'ನಿನಗೆ ತೊಂದರೆ ಆಗಿದ್ದರೆ ಸಹಾಯ ಮಾಡುವವರಿಗೆ ನಾನು ಹೇಳಲೇಬೇಕಾಗುತ್ತೆ. ಆದರೂ ನೀನು ಹೇಳು, ನಾನು ಕೇಳ್ತೀನಿ' ಎಂಬ ಧಾಟಿ ಸರಿ.

ಆನ್‌ಲೈನ್ ಪಾಠ ಹೇಳುವವರಿಗೆ ಬೇರೆ ಮಾನದಂಡ ಬೇಕೇ?

ಅದೇ ಮಾನದಂಡ, ಮೇಲೊಂದಿಷ್ಟು. ವೀಕ್ಷಕರು ಪಾಠಕ್ಕೆ ಕ್ಯಾಮೆರಾ ಆಫ್ ಮಾಡಿ ಸೇರಬಹುದು, ಆದರೆ ಪೋಷಕರಿಗೆ ಮೊದಲೇ ತಿಳಿಸಬೇಕು. ಪಾಠದ ಕೊಂಡಿ ಪೋಷಕರ ಸಂಖ್ಯೆಗೇ ಹೋಗಬೇಕು. ಲಿಚೆಸ್ ಎಂಬ ಚೆಸ್ ಜಾಲತಾಣ ಬಳಸುವುದಾದರೆ ಮಗುವಿನ ಖಾತೆಯಲ್ಲಿ ಮಕ್ಕಳ ಮೋಡ್ ಹಾಕಿಸಿ, ಅಪರಿಚಿತರ ಸಂದೇಶಗಳು ನಿಲ್ಲುತ್ತವೆ. ಆನ್‌ಲೈನಿನಲ್ಲಿ ಹೆಚ್ಚು ಕೆಡುವುದು ಒಂದೇ: ತರಬೇತುದಾರರು ತೆರೆಯ ಮೇಲೆ ಕಾಯಿ ಸರಿಸುತ್ತಾರೆ, ಮಗು ನೋಡುತ್ತದೆ. ಮಗುವಿನ ಪಕ್ಕದಲ್ಲಿ ನಿಜವಾದ ಬೋರ್ಡ್ ಇದೆಯೇ ಎಂದು ವೀಕ್ಷಕರು ಕೇಳಲಿ.

ಶಿಷ್ಯರ ಸಾಧನೆಯನ್ನು ಅಂಕಕ್ಕೆ ಪರಿಗಣಿಸಬೇಕೇ?

ಬೇಡ. ನ್ಯಾಯವಾಗಿ ಕಾಣುತ್ತದೆ, ಆದರೆ ಅಳೆಯುವುದು ಬೇರೆಯದನ್ನೇ. ಒಬ್ಬ ಪ್ರತಿಭಾವಂತ ಮಗುವಿಗೆ ನಾಲ್ಕು ವರ್ಷದಲ್ಲಿ ಮೂವರು ತರಬೇತುದಾರರು ಇರುತ್ತಾರೆ, ರಾಜ್ಯ ಪ್ರಶಸ್ತಿ ಬಂದ ದಿನ ಮೂವರೂ ಅದನ್ನು ತಮ್ಮ ಪೋಸ್ಟರಿಗೆ ಹಾಕಿಕೊಳ್ಳುತ್ತಾರೆ. ಇದನ್ನು ಅಂಕಕ್ಕೆ ಸೇರಿಸಿದರೆ ಬೇರೆಯವರು ತಯಾರು ಮಾಡಿದ ಮಕ್ಕಳನ್ನು ಸೆಳೆಯುವುದಕ್ಕೆ ನೀವೇ ಬಹುಮಾನ ಕೊಟ್ಟಂತೆ. ರೇಟಿಂಗ್ ಏರಿಕೆಯೂ ಒಳ್ಳೆಯ ಅಳತೆಯಲ್ಲ. 18ರೊಳಗಿನ, 2300ಕ್ಕಿಂತ ಕಡಿಮೆ ಇರುವ ಆಟಗಾರರಿಗೆ ಫಿಡೆಯ ಕೆ-ಗುಣಾಂಕ (ಫಲಿತಾಂಶಕ್ಕೆ ತಕ್ಕಂತೆ ರೇಟಿಂಗ್ ಎಷ್ಟು ಬೇಗ ಬದಲಾಗುತ್ತದೆ ಎಂದು ನಿರ್ಧರಿಸುವ ಸಂಖ್ಯೆ) 40. 2400 ಮುಟ್ಟಿದವರಿಗೆ ಅದು 10. ಮಕ್ಕಳ ರೇಟಿಂಗ್ ಒಂದೇ ಪಂದ್ಯಾವಳಿಯಲ್ಲಿ ನೂರು ಅಂಕ ಹಾರುತ್ತದೆ, ಇಳಿಯುತ್ತದೆ.

ಏನಾದರೂ ಎಣಿಸಲೇಬೇಕೆಂದಿದ್ದರೆ, ಸೇರಿದ ಮಕ್ಕಳಲ್ಲಿ ಒಂದು ವರ್ಷದ ಮೇಲೂ ಎಷ್ಟು ಮಂದಿ ಬರುತ್ತಿದ್ದಾರೆ ಎಂದು ನೋಡಿ. ಹುಡುಗಿಯರ ಲೆಕ್ಕ ಬೇರೆ ತೆಗೆಯಿರಿ.

ಇಪ್ಪತ್ತು ವರ್ಷದಿಂದ ಕಲಿಸುತ್ತಿರುವ ಹಿರಿಯರನ್ನೂ ಪರೀಕ್ಷಿಸಬೇಕೇ?

ಬಹುತೇಕ ಪ್ರಯತ್ನಗಳು ಮುರಿದು ಬೀಳುವುದು ಇಲ್ಲೇ. ಊರಿಗೆ ಚೆಸ್ ತಂದವರನ್ನೇ ಬೆಂಚಿನ ಮೇಲೆ ಕೂರಿಸಿದರೆ ಅವರು ಬರುವುದಿಲ್ಲ, ಅವರ ಶಿಷ್ಯರೂ ಬರುವುದಿಲ್ಲ. ಹಾಗೆಂದು ಎಲ್ಲರಿಗೂ ಸನ್ಮಾನದ ಶಾಲು ಹೊದಿಸಿದಂತೆ ಪ್ರಮಾಣಪತ್ರ ಕೊಟ್ಟರೆ ಅದಕ್ಕೆ ಬೆಲೆ ಇರುವುದಿಲ್ಲ. ಮಧ್ಯದ ದಾರಿ: ಹತ್ತು ವರ್ಷ ಕಲಿಸಿದ ದಾಖಲೆ ಇದ್ದವರಿಗೆ ನಿಯಮಗಳ ಭಾಗವೊಂದನ್ನು ಬಿಟ್ಟು ಉಳಿದ ಲಿಖಿತ ಪರೀಕ್ಷೆಯಿಂದ ವಿನಾಯಿತಿ. ಪಾಠ ವೀಕ್ಷಣೆ ಒಂದೇ ಬಾರಿ, ಅವರ ಸ್ವಂತ ತರಗತಿಯಲ್ಲಿ. ಪೊಲೀಸ್ ಪರಿಶೀಲನೆ ಎಲ್ಲರಿಗೂ. ಇದಕ್ಕೆ 18 ತಿಂಗಳ ಗಡುವು. ಇನ್ನೊಂದು ಉಪಾಯ, ಮೊದಲ ತಂಡದ ವೀಕ್ಷಕರ ತರಬೇತಿಗೆ ಅವರಲ್ಲಿ ಒಪ್ಪುವವರನ್ನೇ ಕರೆಯಿರಿ. ಅಳತೆಗೋಲನ್ನು ಹಿಡಿಯಬೇಕಾದವರು ಮೊದಲು ತಮ್ಮ ತರಗತಿಯನ್ನೇ ಅದರಿಂದ ಅಳೆದು ನೋಡುತ್ತಾರೆ.

ಹದಿನಾರು ವರ್ಷದ ಒಳ್ಳೆಯ ಆಟಗಾರರು ಕಲಿಸಬಹುದೇ?

ಸಹಾಯಕರಾಗಿ ಬರಲಿ, ಕೋಣೆಯಲ್ಲಿ ಪ್ರಮಾಣೀಕೃತ ವಯಸ್ಕರೊಬ್ಬರು ಇರಬೇಕು. ಪ್ರಮಾಣಪತ್ರ 18 ತುಂಬಿದ ಮೇಲೆ. ಸಹಾಯಕರಾಗಿ ಕಳೆದ ಗಂಟೆಗಳನ್ನು ಮುಂದೆ ಪರಿಗಣಿಸಿ.

ಪರೀಕ್ಷೆ ಕನ್ನಡದಲ್ಲಿ ನಡೆಸಬಹುದೇ? ಪದಗಳ ಗೊಂದಲ ಆಗುವುದಿಲ್ಲವೇ?

ನಡೆಸಲೇಬೇಕು, ಇಂಗ್ಲಿಷ್ ಆಯ್ಕೆಯೂ ಇರಲಿ. ಪ್ರಶ್ನೆಪತ್ರಿಕೆಯ ಮೊದಲ ಪುಟದಲ್ಲಿ ಪದಪಟ್ಟಿ ಹಾಕಿ: ರಾಜ, ಮಂತ್ರಿ ಅಥವಾ ರಾಣಿ, ಆನೆ, ಒಂಟೆ, ಕುದುರೆ, ಕಾಲಾಳು. ಚಿತ್ರದೊಂದಿಗೆ ಹಾಕಿ. ಗಡಿಭಾಗದ ಊರುಗಳಲ್ಲಿ ಆನೆ, ಒಂಟೆಗಳ ಹೆಸರು ಅದಲುಬದಲಾಗುವುದುಂಟು. ಚೆಕ್, ಮೇಟ್, ಫೋರ್ಕ್, ಪಿನ್‌ಗಳಿಗೆ ಹೊಸ ಪದ ಹುಟ್ಟಿಸುವ ಕಷ್ಟ ಬೇಡ.

ನಡೆ ಬರೆಯುವಾಗ ಕಾಯಿಯ ಹೆಸರಿನ ಮೊದಲಕ್ಷರವನ್ನು ಆಟಗಾರರು ತಮ್ಮ ದೇಶದಲ್ಲಿ ಬಳಸುವ ಹೆಸರಿನಿಂದ ತೆಗೆದುಕೊಳ್ಳಬಹುದು ಎಂದು ಫಿಡೆ ನಿಯಮಾವಳಿಯೇ ಹೇಳುತ್ತದೆ. ಕನ್ನಡದಲ್ಲಿ ಹಾಗೆ ಬರೆಯಲು ಹೊರಟರೆ ರಾಜ, ರಾಣಿ ಎರಡಕ್ಕೂ 'ರಾ' ಆಗಿ ಫಜೀತಿ. ಮಂತ್ರಿ ಎಂದರೆ ಸಮಸ್ಯೆಯಿಲ್ಲ, ಹಳಬರ ಮಾತೇ ಇಲ್ಲಿ ಅನುಕೂಲ. ಆದರೂ ಎರಡನೇ ಹಂತದ ಅಭ್ಯರ್ಥಿಗೆ ಇಂಗ್ಲಿಷ್ ಅಕ್ಷರಗಳ ಬರವಣಿಗೆ ಸರಾಗವಾಗಿ ಬರಬೇಕು. ಪಂದ್ಯಾವಳಿ, ಪುಸ್ತಕ, ಸಾಫ್ಟ್‌ವೇರ್ ಎಲ್ಲದರಲ್ಲೂ ಅದೇ ನಡೆಯುವುದು.

ಶುಲ್ಕ ಎಷ್ಟಿಡಬೇಕು, ಯಾರು ಏನು ಮಾಡಬಾರದು?

ಒಬ್ಬ ಅಭ್ಯರ್ಥಿಗೆ ತಗಲುವ ಶ್ರಮ ಲೆಕ್ಕ ಹಾಕಿ: ಉತ್ತರಪತ್ರಿಕೆ ಒಂದು ಗಂಟೆ, ಇಬ್ಬರು ವೀಕ್ಷಕರಿಗೆ ಎರಡು ತರಗತಿ ಮತ್ತು ಪ್ರಯಾಣ, 20 ನಿಮಿಷದ ಸಂದರ್ಶನ, ಕಾಗದಪತ್ರ ನೋಡಲು ಒಂದು ಗಂಟೆ. ಒಟ್ಟು ಏಳೆಂಟು ಮಾನವ-ಗಂಟೆ. ಒಂದು ತಂಡದಲ್ಲಿ 12ರಿಂದ 15 ಜನ ಮೀರಿದರೆ ವೀಕ್ಷಣೆ ಹಾಳಾಗುತ್ತದೆ, ಕೊನೆಯವರಿಗೆ ಹತ್ತೇ ನಿಮಿಷ ನೋಡಿ ಸಹಿ ಹಾಕುವುದು ಶುರುವಾಗುತ್ತದೆ.

ಶುಲ್ಕ ಪರೀಕ್ಷೆಗೆ, ಪ್ರಮಾಣಪತ್ರಕ್ಕಲ್ಲ. ಫೇಲಾದರೂ ಪಾಸಾದರೂ ಅಷ್ಟೇ. ತಯಾರಿ ಶಿಬಿರ ನಡೆಸಿ ಹಣ ಪಡೆದವರು ಅದೇ ತಂಡದ ಪರೀಕ್ಷಕರಾಗಬಾರದು. ಇದೊಂದು ಸಡಿಲವಾದರೆ ಎರಡೇ ವರ್ಷದಲ್ಲಿ ಶಿಬಿರಕ್ಕೆ ಬಂದವರೆಲ್ಲ ಪಾಸು ಎಂಬ ಸ್ಥಿತಿಗೆ ಬಂದು ನಿಲ್ಲುತ್ತದೆ. ಅನುತ್ತೀರ್ಣರಾದವರಿಗೆ ವೀಕ್ಷಣಾ ಹಾಳೆಯ ಪ್ರತಿ ಕೊಡಿ, ಮೂರು ತಿಂಗಳ ನಂತರ ಬಿದ್ದ ಭಾಗವನ್ನಷ್ಟೇ ಮತ್ತೆ ಬರೆಯಲಿ.

ಎಷ್ಟು ವರ್ಷ ಚಾಲ್ತಿ? ನವೀಕರಣಕ್ಕೆ ಏನು ಕೇಳಬೇಕು?

ಮೂರು ವರ್ಷ. ನವೀಕರಣಕ್ಕೆ ಹೊಸ ಪೊಲೀಸ್ ಪರಿಶೀಲನೆ, ನಿಯಮಗಳ ಪರೀಕ್ಷೆ (ನಿಯಮಾವಳಿ ಬದಲಾಗುತ್ತಿರುತ್ತದೆ), ಮೊದಲೇ ಹೇಳದೆ ಬಂದು ನೋಡಿದ ಒಂದು ತರಗತಿ. ಕಾರ್ಯಾಗಾರಗಳ ಹಾಜರಾತಿ ಚೀಟಿ ಕೇಳುವುದು ಬೇಡ, ಅದು ಚೀಟಿ ಮಾರುವ ಉದ್ಯಮವಾಗುತ್ತದೆ.

ದೂರು ಬಂದರೆ? ರದ್ದು ಮಾಡುವುದು ಹೇಗೆ?

ರದ್ದು ಮಾಡುವ ಕ್ರಮವನ್ನು ಮೊದಲ ಪ್ರಮಾಣಪತ್ರ ಕೊಡುವ ಮೊದಲೇ ಬರೆದಿಡಿ. ಆಮೇಲೆ ಬರೆದರೆ ಯಾರದೋ ಮುಖ ನೋಡಿ ಬರೆದಂತಾಗುತ್ತದೆ. ಸುರಕ್ಷತೆಯ ದೂರಾದರೆ ಅದೇ ದಿನ ಪೊಲೀಸರಿಗೆ ಮಾಹಿತಿ, ಅದೇ ದಿನ ಅಮಾನತು. ಮಗುವಿನ ಗುರುತು ಎಲ್ಲೂ ಹೊರಬೀಳಬಾರದು. ಉಳಿದ ದೂರುಗಳಿಗೆ (ಪಾಠ ತಪ್ಪಿಸುವುದು, ವಯಸ್ಸಿನ ದಾಖಲೆ ತಿದ್ದಲು ನೆರವಾಗುವುದು, ಶಿಷ್ಯರ ನಡುವೆ ಮೊದಲೇ ಡ್ರಾ ಮಾತಾಡಿಸುವುದು, ಆಟದ ನಡುವೆ ಸನ್ನೆ ಮಾಡುವುದು) ಲಿಖಿತ ನೋಟಿಸ್, 15 ದಿನದಲ್ಲಿ ಉತ್ತರ, ಮೂವರ ಸಮಿತಿ, 45 ದಿನದೊಳಗೆ ತೀರ್ಮಾನ. ಸಮಿತಿಯಲ್ಲಿ ಒಬ್ಬರು ಚೆಸ್ ವಲಯದ ಹೊರಗಿನವರಿರಲಿ. ಮೇಲ್ಮನವಿಗೆ ಬೇರೆ ಮೂವರು.

ಪ್ರಮಾಣಪತ್ರದ ಮೇಲೆ ಏನು ಮುದ್ರಿಸಬೇಕು?

ಹೆಸರು, ಫೋಟೊ, ಹಂತ, ಕ್ರಮಸಂಖ್ಯೆ, ಮುಗಿಯುವ ದಿನಾಂಕ, ಕೊಟ್ಟ ಸಂಸ್ಥೆ. ಜೊತೆಗೆ ಒಂದು ಕ್ಯೂಆರ್ ಸಂಕೇತ, ಅದು ಚಾಲ್ತಿ ಪಟ್ಟಿಯಲ್ಲಿರುವ ಅವರ ಸಾಲಿಗೆ ಹೋಗಬೇಕು. ಪಟ್ಟಿಯಲ್ಲಿ ಫೋನ್, ವಿಳಾಸ ಬೇಡ. ಅಮಾನತಾದವರ ಹೆಸರನ್ನು ಅಳಿಸಬೇಡಿ, 'ಚಾಲ್ತಿಯಲ್ಲಿಲ್ಲ' ಎಂದು ತೋರಿಸಿ. ಅಳಿಸಿದರೆ ಗೋಡೆಗೆ ತೂಗುಹಾಕಿದ ಹಳೆಯ ಕಾಗದವೇ ಸತ್ಯವಾಗಿ ಉಳಿಯುತ್ತದೆ. ಫಿಡೆಯ ಚಿಹ್ನೆ, ರಾಜ್ಯ ಲಾಂಛನ, 'ಸರ್ಕಾರಿ ಮಾನ್ಯತೆ ಪಡೆದ' ಎಂಬ ಮಾತು ಅನುಮತಿ ಇಲ್ಲದೆ ಬಳಸುವಂತಿಲ್ಲ. 'ಗ್ರ್ಯಾಂಡ್‌ಮಾಸ್ಟರ್ ತರಬೇತಿ', 'ಚಾಂಪಿಯನ್ ಗ್ಯಾರಂಟಿ' ಎಂದು ಜಾಹೀರಾತು ಕೊಡುವವರು ನಿಮ್ಮ ಹೆಸರನ್ನು ಪಕ್ಕದಲ್ಲಿ ಹಾಕಿಕೊಂಡರೆ ಮೊದಲ ಸಲ ಎಚ್ಚರಿಕೆ ಪತ್ರ, ಎರಡನೇ ಸಲ ಅಮಾನತು.